ಆಟದ ಕಂಪನಿ ಕೈ ಬದಲಾದರೆ ಮನೆಯಲ್ಲಿ ಬದಲಾಗುವುದೇನು?

ಮಕ್ಕಳಿಗೆ ವಿಡಿಯೊ ಗೇಮ್ ಕನ್ಸೋಲ್ ಕೊಡಿಸಲು ಹೊರಟ ಅಪ್ಪ–ಅಮ್ಮಂದಿರ ಪ್ರಶ್ನೆ ಈಚೆಗೆ ಬದಲಾಗಿದೆ. ಮೊದಲೆಲ್ಲ ‘ಕಣ್ಣಿಗೆ ತೊಂದರೆ ಆಗಲ್ವಾ, ಓದು ಹಾಳಾಗಲ್ವಾ’ ಎಂದು ಮಾತು ಶುರುವಾಗುತ್ತಿತ್ತು. ಈಗ ‘ಮೈಕ್ರೋಸಾಫ್ಟ್‌ನವರು ಆ ಕಂಪನೀನೇ ಕೊಂಡುಬಿಟ್ರಂತೆ, ಇನ್ಮೇಲೆ ಪ್ಲೇಸ್ಟೇಷನ್‌ನಲ್ಲಿ ಆ ಆಟ ಬರೋದೇ ಇಲ್ವಂತೆ, ಮಗ ಹಟ ಹಿಡಿದಿದ್ದಾನೆ, ಯಾವುದು ತಗೊಳ್ಳಲಿ?’ ಎನ್ನುತ್ತಾರೆ. ಕನ್ಸೋಲ್ ಎಂದರೆ ಹತ್ತಾರು ಸಾವಿರ ರೂಪಾಯಿಯ ಮಾತು. ಒಮ್ಮೆ ತಂದರೆ ಐದಾರು ವರ್ಷ ಅದರ ಜೊತೆಗೇ ಹೆಣಗಬೇಕು. ಹಾಗಾಗಿ ಗಾಬರಿ ಸಹಜ.

ಮಗ ಹೇಳುತ್ತಿರುವ ಆಟ ‘ಕಾಲ್ ಆಫ್ ಡ್ಯೂಟಿ’ ಆಗಿದ್ದರೆ ಉತ್ತರ ಚಿಕ್ಕದು: ಅದು ಪ್ಲೇಸ್ಟೇಷನ್‌ನಲ್ಲಿ ಬರುತ್ತಿದೆ, ಇನ್ನೂ ಹಲವು ವರ್ಷ ಬರುತ್ತದೆ. ಹಾಗೆಂದು ಎರಡು ಕಂಪನಿಗಳ ನಡುವೆ ಲಿಖಿತ ಒಪ್ಪಂದವೇ ಇದೆ. ಆದರೆ ಈ ಉತ್ತರ ಕೇಳಿ ಸಮಾಧಾನಪಟ್ಟುಕೊಂಡು ಎದ್ದು ಹೋಗುವ ಪೋಷಕರನ್ನು ನಾನು ಒಂದು ನಿಮಿಷ ಕೂರಿಸುತ್ತೇನೆ. ಜಗತ್ತಿನ ದೊಡ್ಡ ದೊಡ್ಡ ವಕೀಲರು ‘ಆಟ ಯಾವ ಕನ್ಸೋಲ್‌ಗೆ ಬರುತ್ತದೆ’ ಎಂದು ಎರಡು ವರ್ಷ ಕಾದಾಡಿದರು. ನಿಮ್ಮ ಮನೆಯಲ್ಲಿ ನಿಜವಾಗಿ ಬದಲಾದದ್ದು ಬೇರೆಯೇ.

ನಡೆದದ್ದನ್ನು ಮೊದಲು ನೋಡೋಣ. 2022ರ ಜನವರಿ 18ರಂದು ಮೈಕ್ರೋಸಾಫ್ಟ್ ಕಂಪನಿ ‘ಆಕ್ಟಿವಿಷನ್ ಬ್ಲಿಝರ್ಡ್’ ಎಂಬ ಆಟಗಳ ಕಂಪನಿಯನ್ನು 6,870 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಅಂದಿನ ಲೆಕ್ಕದಲ್ಲಿ 5 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಆ ವರ್ಷ ಕರ್ನಾಟಕ ಸರ್ಕಾರ ಮಂಡಿಸಿದ ಇಡೀ ಬಜೆಟ್ ಸುಮಾರು 2.65 ಲಕ್ಷ ಕೋಟಿ. ಅಂದರೆ ಹೆಚ್ಚುಕಡಿಮೆ ಅದರ ಎರಡರಷ್ಟು ದುಡ್ಡು, ಆಟಗಳಿಗಾಗಿ. ವಿಡಿಯೊ ಗೇಮ್ ಲೋಕದಲ್ಲಿ ಅಷ್ಟು ದೊಡ್ಡ ಖರೀದಿ ಅದಕ್ಕೆ ಮುಂಚೆ ನಡೆದೇ ಇರಲಿಲ್ಲ. ಈ ಕಂಪನಿಯ ಬುಟ್ಟಿಯಲ್ಲಿ 2003ರಿಂದ ಬರುತ್ತಿರುವ ಕಾಲ್ ಆಫ್ ಡ್ಯೂಟಿ ಇತ್ತು, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಡಯಾಬ್ಲೊ, ಓವರ್‌ವಾಚ್ ಇದ್ದವು. ಜೊತೆಗೆ ಮಗನ ಕನ್ಸೋಲ್ ನೋಡಿ ಗೊಣಗುವ ಎಷ್ಟೋ ದೊಡ್ಡವರ ಫೋನಿನಲ್ಲಿರುವ ಕ್ಯಾಂಡಿ ಕ್ರಶ್ ಕೂಡ ಇತ್ತು. ಸಿಹಿತಿಂಡಿ ಒಡೆಯುವ ಆ ಆಟವೂ ಈಗ ಮೈಕ್ರೋಸಾಫ್ಟ್‌ನದೇ.

ಇಲ್ಲಿ ತಕರಾರಿನ ಮೂಲ ಎಕ್ಸ್‌ಕ್ಲೂಸಿವ್ ಎಂಬ ಪದ್ಧತಿ. ಒಂದು ಆಟ ಒಂದೇ ಕಂಪನಿಯ ಕನ್ಸೋಲ್‌ನಲ್ಲಿ ಮಾತ್ರ ನಡೆಯುವಂತೆ ಕಟ್ಟಿಹಾಕುವುದು. ಕ್ರಿಕೆಟ್ ಪ್ರಸಾರದ ಹಕ್ಕು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋದಾಗ ನಾವೆಲ್ಲ ಹೊಸ ಆ್ಯಪ್‌ಗೆ ದುಡ್ಡು ಕಟ್ಟುತ್ತೇವಲ್ಲ, ಅದೇ ಉಪಾಯ. ವ್ಯತ್ಯಾಸವೆಂದರೆ ಇಲ್ಲಿ ಬದಲಾಯಿಸಬೇಕಾದದ್ದು ಆ್ಯಪ್ ಅಲ್ಲ, ಇಡೀ ಯಂತ್ರ. ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟ್‌ನದು, ಪ್ಲೇಸ್ಟೇಷನ್ ಸೋನಿಯದು. ಕಾಲ್ ಆಫ್ ಡ್ಯೂಟಿಯನ್ನು ಮೈಕ್ರೋಸಾಫ್ಟ್ ತನ್ನ ಯಂತ್ರಕ್ಕೆ ಮಾತ್ರ ಕಟ್ಟಿಹಾಕಿದರೆ ಪ್ಲೇಸ್ಟೇಷನ್‌ನ ಗಿರಾಕಿಗಳು ಗುಳೆ ಹೊರಡುತ್ತಾರೆ ಎಂದು ಸೋನಿ ಹುಯಿಲೆಬ್ಬಿಸಿತು.

ಆದರೆ ಈ ವಿದ್ಯೆಯಲ್ಲಿ ಸೋನಿ ಪಳಗಿದ ಕೈ. ಗಾಡ್ ಆಫ್ ವಾರ್, ಸ್ಪೈಡರ್‌ಮ್ಯಾನ್, ದಿ ಲಾಸ್ಟ್ ಆಫ್ ಅಸ್ ಆಟಗಳ ಬಲದ ಮೇಲೇ ಅದು ತನ್ನ ಯಂತ್ರ ಮಾರಿದ್ದು. ಕಾಲ್ ಆಫ್ ಡ್ಯೂಟಿಯ ವಿಷಯದಲ್ಲೂ ಅಷ್ಟೆ. 2019ರ ಕಂತಿನಲ್ಲಿ ಒಂದು ಬಗೆಯ ಆಟವನ್ನು ಒಂದು ವರ್ಷ ಪ್ಲೇಸ್ಟೇಷನ್‌ನವರಿಗೆ ಮಾತ್ರ ಎಂದು ಮೀಸಲಿಡಲಾಗಿತ್ತು. ಎಕ್ಸ್‌ಬಾಕ್ಸ್ ಇದ್ದವರು ಅಷ್ಟೇ ದುಡ್ಡು ಕೊಟ್ಟು ಒಂದು ಕೋಣೆ ಬೀಗ ಹಾಕಿದ ಮನೆ ಕೊಂಡಂತಾಗಿತ್ತು. ಇದನ್ನು ಹೇಳುತ್ತಿರುವುದು ಯಾಕೆಂದರೆ, ಮಕ್ಕಳು ಈ ಜಗಳದಲ್ಲಿ ಒಂದು ಪಕ್ಷ ವಹಿಸಿ ಮಾತಾಡುತ್ತಾರೆ. ಅವರ ಮಾತಿನಲ್ಲಿ ಒಂದು ಕಂಪನಿ ಸಜ್ಜನ, ಇನ್ನೊಂದು ದುರ್ಜನ. ಹಾಗೇನೂ ಇಲ್ಲ. ಇಬ್ಬರೂ ಒಂದೇ ಅಂಗಡಿ ಬೀದಿಯವರು.

ಇಷ್ಟು ದೊಡ್ಡ ಖರೀದಿಗೆ ಹಲವು ದೇಶಗಳ ಒಪ್ಪಿಗೆ ಬೇಕು. ಮುಖ್ಯವಾಗಿ ಮೂರು ಕಡೆ ತನಿಖೆ ನಡೆಯಿತು, ಮೂರೂ ಕಡೆ ಬೇರೆ ಬೇರೆ ಉತ್ತರ ಬಂತು.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಖರೀದಿ ತಡೆಯಲು ಮೊಕದ್ದಮೆ ಹೂಡಿತು. ಅದರ ಕೈಯಲ್ಲಿದ್ದ ಗಟ್ಟಿ ಉದಾಹರಣೆ ಬೆಥೆಸ್ಡಾ. ಆ ಆಟಗಳ ಸಂಸ್ಥೆಯನ್ನು ಅದರ ಮಾತೃಕಂಪನಿ ಸಮೇತ 750 ಕೋಟಿ ಡಾಲರ್‌ಗೆ ಕೊಳ್ಳುವ ವ್ಯವಹಾರವನ್ನು ಮೈಕ್ರೋಸಾಫ್ಟ್ 2021ರ ಮಾರ್ಚ್‌ನಲ್ಲಿ ಮುಗಿಸಿತ್ತು. ಆಮೇಲೆ ಬೆಥೆಸ್ಡಾದ ಬಹುನಿರೀಕ್ಷಿತ ಆಟ ‘ಸ್ಟಾರ್‌ಫೀಲ್ಡ್’ 2023ರ ಸೆಪ್ಟೆಂಬರ್‌ನಲ್ಲಿ ಬಂದದ್ದು ಎಕ್ಸ್‌ಬಾಕ್ಸ್ ಮತ್ತು ಕಂಪ್ಯೂಟರ್‌ಗೆ ಮಾತ್ರ. ಆಗ ಹಾಗೆ ಮಾಡಿದವರು ಈಗಲೂ ಮಾಡುವುದಿಲ್ಲವೇ ಎಂಬುದು ಕಮಿಷನ್ನಿನ ಪ್ರಶ್ನೆ. ಮೈಕ್ರೋಸಾಫ್ಟ್ ಬೇರೊಂದು ಉದಾಹರಣೆ ಮುಂದಿಟ್ಟಿತು: ಮೈನ್‌ಕ್ರಾಫ್ಟ್. 2014ರಲ್ಲಿ 250 ಕೋಟಿ ಡಾಲರ್ ಕೊಟ್ಟು ಕೊಂಡ ಆ ಆಟವನ್ನು ಅದು ಯಾರ ಯಂತ್ರದಿಂದಲೂ ಕಿತ್ತುಕೊಳ್ಳಲಿಲ್ಲ. ಇವತ್ತಿಗೂ ಪ್ಲೇಸ್ಟೇಷನ್, ನಿಂಟೆಂಡೊ, ಫೋನು ಎಲ್ಲದರಲ್ಲೂ ಮಕ್ಕಳು ಇಟ್ಟಿಗೆ ಜೋಡಿಸುತ್ತಲೇ ಇದ್ದಾರೆ. ಎರಡೂ ಉದಾಹರಣೆ ನಿಜವೇ. ಎಲ್ಲರೂ ಕೂಡಿ ಆಡುವ ಆಟವನ್ನು ಕಟ್ಟಿಹಾಕಿದರೆ ಅದರ ಜೀವವೇ ಹೋಗುತ್ತದೆ, ಒಬ್ಬರೇ ಕೂತು ಆಡುವ ಕಥೆಯ ಆಟವನ್ನು ಕಟ್ಟಿಹಾಕಿದರೆ ಹಾಗಾಗುವುದಿಲ್ಲ. ಕನ್ಸೋಲ್ ಕೊಳ್ಳುವವರಿಗೆ ಈ ಭೇದ ಗೊತ್ತಿದ್ದರೆ ಅರ್ಧ ಚಿಂತೆ ಕಳೆಯುತ್ತದೆ.

2023ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಲಯದಲ್ಲಿ ಐದು ದಿನ ವಿಚಾರಣೆ ನಡೆಯಿತು. ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ, ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲ ಸಾಕ್ಷಿ ಕಟ್ಟೆಗೆ ಬಂದು, ತನಗೆ ಬಿಟ್ಟರೆ ಈ ಎಕ್ಸ್‌ಕ್ಲೂಸಿವ್ ಪದ್ಧತಿಯನ್ನೇ ತೆಗೆದುಹಾಕುತ್ತಿದ್ದೆ, ಆದರೆ ಮಾರುಕಟ್ಟೆಯ ದೊಡ್ಡಣ್ಣ ಸೋನಿ ಸ್ಪರ್ಧೆಯ ರೀತಿಯನ್ನು ಹಾಗೆ ಗೊತ್ತುಮಾಡಿಬಿಟ್ಟಿದೆ ಎಂಬರ್ಥದ ಮಾತು ಹೇಳಿದರು. ಸೋನಿಯ ಆಟಗಳ ವಿಭಾಗದ ಅಂದಿನ ಮುಖ್ಯಸ್ಥ ಜಿಮ್ ರಯಾನ್ ಬರೆದಿದ್ದ ಒಂದು ಖಾಸಗಿ ಇಮೇಲ್ ಕೂಡ ಅಲ್ಲಿ ಹೊರಬಂತು. ಹೊರಗೆ ಆತಂಕ ತೋಡಿಕೊಳ್ಳುತ್ತಿದ್ದ ಅವರು, ಕಾಲ್ ಆಫ್ ಡ್ಯೂಟಿ ಇನ್ನೂ ಎಷ್ಟೋ ವರ್ಷ ಪ್ಲೇಸ್ಟೇಷನ್‌ನಲ್ಲಿ ಇರುತ್ತದೆಂಬ ಭರವಸೆ ತಮಗಿದೆ ಎಂದು ಒಳಗೆ ಬರೆದುಕೊಂಡಿದ್ದರು! ಇನ್ನೊಂದು ತಮಾಷೆ: ಗುಟ್ಟಿನ ಅಂಕಿಗಳಿದ್ದ ಸೋನಿಯ ಕಾಗದಪತ್ರದ ಮೇಲೆ ಯಾರೋ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು ಸ್ಕ್ಯಾನ್ ಮಾಡಿದ್ದರು, ಮಸಿಯಡಿ ಅಕ್ಷರಗಳು ಇಣುಕುತ್ತಿದ್ದವು. ‘ದಿ ಲಾಸ್ಟ್ ಆಫ್ ಅಸ್’ ಎರಡನೇ ಭಾಗ ತಯಾರಿಸಲು 22 ಕೋಟಿ ಡಾಲರ್ ಖರ್ಚಾಗಿತ್ತೆಂದು ಲೋಕಕ್ಕೆ ಗೊತ್ತಾದದ್ದು ಹೀಗೆ. ಒಂದು ಆಟಕ್ಕೆ ಅಷ್ಟು ಸುರಿದವರು ಅದನ್ನು ವಾಪಸ್ ಪಡೆಯುವ ದಾರಿಗಳನ್ನೂ ಹುಡುಕುತ್ತಾರೆ. ಆ ದಾರಿಗಳಿಗೆ ಆಮೇಲೆ ಬರುತ್ತೇನೆ.

ಜುಲೈನಲ್ಲಿ ನ್ಯಾಯಾಧೀಶೆ ಜಾಕ್ವೆಲಿನ್ ಸ್ಕಾಟ್ ಕಾರ್ಲಿ ಕಮಿಷನ್ನಿನ ಕೋರಿಕೆ ತಳ್ಳಿಹಾಕಿದರು. ಕೆಲವೇ ದಿನಗಳಲ್ಲಿ ಸೋನಿ ಕೂಡ ಕಾಲ್ ಆಫ್ ಡ್ಯೂಟಿ ಕುರಿತ 10 ವರ್ಷಗಳ ಒಪ್ಪಂದಕ್ಕೆ ಸಹಿ ಮಾಡಿತು. ನಿಂಟೆಂಡೊ ಅದಕ್ಕೆ ಮುಂಚೆಯೇ ಮಾಡಿಕೊಂಡಿತ್ತು. ಯುರೋಪಿಯನ್ ಕಮಿಷನ್ ಮೇ ತಿಂಗಳಲ್ಲೇ ಷರತ್ತು ಹಾಕಿ ಒಪ್ಪಿತ್ತು.

ಬ್ರಿಟನ್ನಿನದು ಬೇರೆ ರಾಗ. ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಲೆಕ್ಕ ಹಾಕಿ ನೋಡಿ, ಕಾಲ್ ಆಫ್ ಡ್ಯೂಟಿಯನ್ನು ಪ್ಲೇಸ್ಟೇಷನ್‌ನಿಂದ ತೆಗೆದರೆ ಮೈಕ್ರೋಸಾಫ್ಟ್‌ಗೇ ನಷ್ಟ, ಆದ್ದರಿಂದ ತೆಗೆಯಲಾರದು ಎಂದು ಕನ್ಸೋಲ್‌ನ ಚಿಂತೆ ಕೈಬಿಟ್ಟಿತು. ಆದರೂ 2023ರ ಏಪ್ರಿಲ್‌ನಲ್ಲಿ ಖರೀದಿಗೆ ತಡೆ ಹಾಕಿತು, ಕ್ಲೌಡ್ ಗೇಮಿಂಗ್‌ನ ಕಾರಣಕ್ಕೆ. ಆಟ ನಿಮ್ಮ ಮನೆಯ ಯಂತ್ರದಲ್ಲಲ್ಲದೆ ದೂರದ ಸರ್ವರ್‌ನಲ್ಲಿ ನಡೆದು, ಚಿತ್ರ ಮಾತ್ರ ಇಂಟರ್ನೆಟ್ ಮೂಲಕ ನಿಮ್ಮ ಟಿ.ವಿ.ಗೋ ಫೋನಿಗೋ ಬರುವುದಕ್ಕೆ ಕ್ಲೌಡ್ ಗೇಮಿಂಗ್ ಎನ್ನುತ್ತಾರೆ. ನಾಳೆ ಕನ್ಸೋಲೇ ಬೇಡವಾಗುವ ಕಾಲಕ್ಕೆ ಈ ದಾರಿಯ ಸುಂಕದಕಟ್ಟೆಯಲ್ಲಿ ಮೈಕ್ರೋಸಾಫ್ಟ್ ಒಂದೇ ಕೂತಿರಬಾರದು ಎಂಬುದು ಅವರ ಕಾಳಜಿ. ಕೊನೆಗೆ ಮೈಕ್ರೋಸಾಫ್ಟ್ ತಲೆಬಾಗಿತು. ಯುರೋಪಿಯನ್ ಆರ್ಥಿಕ ವಲಯದ ಹೊರಗೆ ಆಕ್ಟಿವಿಷನ್ ಆಟಗಳನ್ನು ಕ್ಲೌಡ್ ಮೂಲಕ ಹಂಚುವ ಹಕ್ಕನ್ನು ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಗೆ ಬಿಟ್ಟುಕೊಟ್ಟಿತು. ಮುಂದಿನ 15 ವರ್ಷ ಬರುವ ಆಟಗಳೂ ಆ ಲೆಕ್ಕಕ್ಕೆ ಸೇರಿದವು. 2023ರ ಅಕ್ಟೋಬರ್ 13ರಂದು ಬ್ರಿಟನ್ ಒಪ್ಪಿತು, ಅದೇ ದಿನ ಖರೀದಿ ಮುಗಿಯಿತು. ನನ್ನ ದೃಷ್ಟಿಯಲ್ಲಿ ಮೂವರಲ್ಲಿ ಹೆಚ್ಚು ದೂರ ನೋಡಿದವರು ಬ್ರಿಟನ್ನಿನವರೇ. ಆಗ ಅವರನ್ನು ಗೇಲಿ ಮಾಡಿದವರೇ ಹೆಚ್ಚು. ಭಾರತದಲ್ಲೂ 2025ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ನ ಕ್ಲೌಡ್ ಸೇವೆ ಶುರುವಾಗಿದೆ, ಅಂದರೆ ಕನ್ಸೋಲ್ ಕೊಡಿಸದಿದ್ದರೂ ಆಟ ನಿಮ್ಮ ಮನೆಗೆ ಬರಬಲ್ಲದು.

ಇನ್ನು ಆ ಎಕ್ಸ್‌ಕ್ಲೂಸಿವ್ ಕಥೆ ಎಲ್ಲಿಗೆ ಬಂತು ನೋಡಿ. ಇಂಡಿಯಾನಾ ಜೋನ್ಸ್ ಆಟವೊಂದನ್ನು ಹಲವು ಯಂತ್ರಗಳಿಗೆ ತರುವುದೆಂದು ಡಿಸ್ನಿ ಜೊತೆ ಬೆಥೆಸ್ಡಾ ಮಾಡಿಕೊಂಡಿದ್ದ ಕರಾರು ಮೈಕ್ರೋಸಾಫ್ಟ್ ಬಂದ ಮೇಲೆ ಎಕ್ಸ್‌ಬಾಕ್ಸ್ ಮತ್ತು ಕಂಪ್ಯೂಟರ್‌ಗೆ ಮಾತ್ರ ಎಂದು ತಿದ್ದುಪಡಿಯಾಗಿತ್ತು. ಅದೂ ಹೊರಬಿದ್ದದ್ದು ಆ ವಿಚಾರಣೆಯಲ್ಲೇ. ಆಟ 2024ರ ಡಿಸೆಂಬರ್‌ನಲ್ಲಿ ಹಾಗೆಯೇ ಬಂತು. ಆದರೆ 2025ರ ಏಪ್ರಿಲ್‌ನಲ್ಲಿ ಅದೇ ಆಟ ಪ್ಲೇಸ್ಟೇಷನ್‌ಗೂ ಬಂತು! ಅದೇ ತಿಂಗಳು ಎಕ್ಸ್‌ಬಾಕ್ಸ್‌ನ ಹೆಮ್ಮೆಯ ಕಾರ್ ರೇಸ್ ‘ಫೋರ್ಜಾ ಹೊರೈಝನ್ 5’ ಕೂಡ ಬಂತು. ಎಕ್ಸ್‌ಬಾಕ್ಸ್‌ನ ಗುರುತೇ ಆಗಿದ್ದ ‘ಹೇಲೊ’ ಕೂಡ ಪ್ಲೇಸ್ಟೇಷನ್‌ಗೆ ಬರುತ್ತದೆಂದು ಆ ವರ್ಷದ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ನಿಯಂತ್ರಕರು ಹಾಗೆ ಮಾಡಿಸಿದ್ದಲ್ಲ, ಲೆಕ್ಕದ ಪುಸ್ತಕ ಮಾಡಿಸಿತು. ಎಕ್ಸ್‌ಬಾಕ್ಸ್ ಯಂತ್ರ ಅಷ್ಟಾಗಿ ಮಾರಾಟವಾಗಲಿಲ್ಲ, ಅಷ್ಟು ದುಡ್ಡು ಸುರಿದ ಮೇಲೆ ಆಟವನ್ನು ಕೊಳ್ಳುವವರಿದ್ದಲ್ಲಿಗೇ ಹೊತ್ತು ಮಾರಬೇಕಲ್ಲ.

ಹಾಗಾಗಿ ‘ಈ ಆಟ ಆ ಮಷೀನ್‌ನಲ್ಲಿ ಬರಲ್ಲ, ಈಗಲೇ ಇದನ್ನು ಕೊಡಿಸು’ ಎಂದು ಮಗು ಅವಸರಿಸಿದರೆ, ಆರು ತಿಂಗಳೋ ಒಂದು ವರ್ಷವೋ ತಡೆದು ನೋಡಬಹುದು ಎಂದೇ ನನ್ನ ಸಲಹೆ. ಮುಂದೆಂದೋ ಬರುವ ಆಟದ ಮಾತು ನಂಬಿ ಯಂತ್ರ ಕೊಳ್ಳಬೇಡಿ. ಇವತ್ತು ಮಗುವಿನ ಸ್ನೇಹಿತರು ಏನು ಆಡುತ್ತಿದ್ದಾರೆ, ಯಾವುದರಲ್ಲಿ ಆಡುತ್ತಿದ್ದಾರೆ ಎಂದು ವಿಚಾರಿಸಿ. ಮೈನ್‌ಕ್ರಾಫ್ಟ್, ಫೋರ್ಟ್‌ನೈಟ್, ಕಾಲ್ ಆಫ್ ಡ್ಯೂಟಿಯ ವಾರ್‌ಝೋನ್‌ನಂಥ ಆಟಗಳಲ್ಲಿ ಬೇರೆ ಬೇರೆ ಯಂತ್ರದವರು ಒಟ್ಟಿಗೇ ಆಡಬಹುದು. ಪಕ್ಕದ ಮನೆಯ ಹುಡುಗನ ಹತ್ತಿರ ಎಕ್ಸ್‌ಬಾಕ್ಸ್ ಇದೆ ಎಂಬ ಕಾರಣಕ್ಕೆ ನೀವೂ ಅದನ್ನೇ ತರಬೇಕಿಲ್ಲ.

ಇಷ್ಟಕ್ಕೆ ಕನ್ಸೋಲ್ ವಿಚಾರ ಸಾಕು. ಮನೆಯಲ್ಲಿ ಬದಲಾದದ್ದು ಏನೆಂದು ಹೇಳುತ್ತೇನೆ ಎಂದಿದ್ದೆ.

ಕಾಲ್ ಆಫ್ ಡ್ಯೂಟಿ ದೊಡ್ಡವರ ಆಟ. ಅಮೆರಿಕದ ವರ್ಗೀಕರಣದಲ್ಲಿ 17 ತುಂಬಿದವರಿಗೆ, ಯುರೋಪಿನದರಲ್ಲಿ 18 ತುಂಬಿದವರಿಗೆ. ಮೊದಲು ಅದನ್ನು ಆಡಬೇಕಾದರೆ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ 4–5 ಸಾವಿರ ರೂಪಾಯಿ ಕೊಟ್ಟು ಕೊಳ್ಳಬೇಕಿತ್ತು. ಹನ್ನೊಂದು ವರ್ಷದ ಮಗು ಅಷ್ಟು ದುಡ್ಡು ಕೇಳಿದಾಗ ಯಾವ ಅಪ್ಪನೂ ‘ಏನದು, ಯಾಕೆ’ ಎಂದು ಕೇಳಿಯೇ ಕೇಳುತ್ತಿದ್ದ. ಬೆಲೆಯೇ ಕಾವಲುಗಾರನಾಗಿತ್ತು. 2024ರ ಅಕ್ಟೋಬರ್ 25ರಂದು ಬಂದ ‘ಬ್ಲ್ಯಾಕ್ ಆಪ್ಸ್ 6’ ಆ ಕಾವಲುಗಾರನನ್ನು ಮನೆಗೆ ಕಳಿಸಿತು. ಬಿಡುಗಡೆಯ ದಿನವೇ ಅದು ಮೈಕ್ರೋಸಾಫ್ಟ್‌ನ ಗೇಮ್ ಪಾಸ್ ಎಂಬ ತಿಂಗಳ ಚಂದಾ ಸೇವೆಯಲ್ಲಿ ಸೇರಿತ್ತು. ಮೈನ್‌ಕ್ರಾಫ್ಟ್‌ಗೋ ಕಾರ್ ರೇಸ್‌ಗೋ ಎಂದು ನೀವು ಕಟ್ಟಿದ ಚಂದಾದ ಕಪಾಟಿನಲ್ಲಿ ಅದೂ ಬಂದು ಕೂರುತ್ತದೆ. ಬೇರೆ ದುಡ್ಡು ಕೇಳುವ ಪ್ರಸಂಗವೇ ಬರುವುದಿಲ್ಲ. ನಿಯಂತ್ರಕರ ನೂರಾರು ಪುಟಗಳ ವಾದದಲ್ಲಿ ಚಂದಾ ಸೇವೆಯ ಬಗ್ಗೆ ಬೇಕಾದಷ್ಟು ಮಾತಿದೆ, ಆದರೆ ಅದು ಸ್ಪರ್ಧೆಯ ದೃಷ್ಟಿಯಿಂದ. ವಯಸ್ಸಿನ ಬೇಲಿ ಕಾಯುವುದು ಅವರ ಕೆಲಸವಲ್ಲ.

ಬೇಲಿ ಹಾಕುವ ಸಾಧನ ಇದೆ, ಚೆನ್ನಾಗಿಯೇ ಇದೆ. ಎಕ್ಸ್‌ಬಾಕ್ಸ್‌ಗೆ ಫ್ಯಾಮಿಲಿ ಸೆಟ್ಟಿಂಗ್ಸ್ ಎಂಬ ಆ್ಯಪ್ ಇದೆ, ನಿಮ್ಮ ಫೋನಿಗೆ ಹಾಕಿಕೊಳ್ಳಿ. ಮಗುವಿನ ಖಾತೆಯನ್ನು ನಿಮ್ಮ ಖಾತೆಯ ಅಡಿ ಸೇರಿಸಿ, ವಯಸ್ಸಿನ ಮಿತಿ ಗೊತ್ತುಮಾಡಿ. ಮಿತಿ ಮೀರಿದ ಆಟವನ್ನು ಮಗು ಒತ್ತಿದರೆ ತೆರೆಯುವುದಿಲ್ಲ, ‘ಅನುಮತಿ ಕೇಳು’ ಎನ್ನುತ್ತದೆ. ನಿಮ್ಮ ಫೋನಿಗೆ ಸಂದೇಶ ಬರುತ್ತದೆ, ಆಟದ ಹೆಸರು ಸಮೇತ. ಒಂದೊಂದು ಖರೀದಿಗೂ ನಿಮ್ಮ ಒಪ್ಪಿಗೆ ಬೇಕೆಂದು ಕೂಡ ಹೇಳಿಡಬಹುದು. ಪ್ಲೇಸ್ಟೇಷನ್‌ನಲ್ಲೂ ಇಂಥದೇ ವ್ಯವಸ್ಥೆ ಇದೆ, ತಿಂಗಳ ಖರ್ಚಿಗೆ ಮಿತಿ ಹಾಕಬಹುದು.

ಇದೆಲ್ಲ ಕೆಡುವುದು ಒಂದೇ ಕಡೆ. ಡಬ್ಬ ಬಿಚ್ಚಿದ ಸಂಜೆ ಎಲ್ಲರಿಗೂ ಅವಸರ. ಟಿ.ವಿ. ಪರದೆ ಹುಟ್ಟಿದ ವರ್ಷ ಕೇಳುತ್ತದೆ. ಹುಡುಗ ರಿಮೋಟ್ ಹಿಡಿದು ಸರಸರನೆ ಕೆಳಗಿಳಿದು 2001 ಒತ್ತುತ್ತಾನೆ, ಯಾಕೆಂದರೆ ನಿಜವಾದ ವರ್ಷ ಒತ್ತಿದರೆ ಅಮ್ಮನ ಇಮೇಲ್ ಕೇಳುತ್ತದೆಂದು ಅವನ ಗೆಳೆಯರು ಹೇಳಿಕೊಟ್ಟಿರುತ್ತಾರೆ. ಅಪ್ಪ ಸೋಫಾದಲ್ಲಿ ಕೂತು ‘ಬೇಗ ಮಾಡೋ’ ಎನ್ನುತ್ತಿರುತ್ತಾನೆ. ಆ ಕ್ಷಣದಿಂದ ಯಂತ್ರದ ಕಣ್ಣಿಗೆ ಹನ್ನೊಂದು ವರ್ಷದ ಹುಡುಗ ಮೀಸೆ ಬಂದ ಗಂಡಸು. ವಯಸ್ಸಿನ ಬೇಲಿ, ಅಪರಿಚಿತರ ಜೊತೆ ಮಾತಿನ ನಿರ್ಬಂಧ, ಖರ್ಚಿನ ಮಿತಿ ಯಾವುದೂ ಅವನಿಗೆ ಅನ್ವಯಿಸುವುದಿಲ್ಲ. ಈಗಾಗಲೇ ಹೀಗಾಗಿದ್ದರೆ ಬೈಯುವುದರಿಂದ ಪ್ರಯೋಜನವಿಲ್ಲ. ಖಾತೆಯ ಹುಟ್ಟಿದ ದಿನ ತಿದ್ದಿಸಿ, ಆಗದಿದ್ದರೆ ಹೊಸ ಖಾತೆ ತೆರೆಸಿ. ಹಳೆಯದರಲ್ಲಿ ಗೆದ್ದ ಬಿಲ್ಲೆ–ಬಿರುದು ಹೋಗುತ್ತವೆ ಎಂದು ಮಗು ಅಳಬಹುದು. ಆ ಅಳುವನ್ನು ಗೌರವದಿಂದಲೇ ಕೇಳಿಸಿಕೊಳ್ಳಿ, ಅವು ಅವನು ದುಡಿದು ಗಳಿಸಿದವು.

ಖಾತೆಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಮೈನ್‌ಕ್ರಾಫ್ಟ್ ಎಲ್ಲ ಯಂತ್ರಗಳಲ್ಲೂ ಉಳಿಯಿತು ಎಂದೆನಲ್ಲ. ಆದರೆ ಕಂಪ್ಯೂಟರ್‌ನಲ್ಲಿ ಅದರ ಹಳೆಯ ಖಾತೆ ಹೊಂದಿದ್ದವರೆಲ್ಲ ಮೈಕ್ರೋಸಾಫ್ಟ್ ಖಾತೆಗೆ ಬದಲಾಗಬೇಕಾಯಿತು. 2023ರ ಸೆಪ್ಟೆಂಬರ್‌ನ ಗಡುವು ತಪ್ಪಿಸಿಕೊಂಡವರು ದುಡ್ಡು ಕೊಟ್ಟು ಕೊಂಡ ಆಟವನ್ನೇ ಕಳೆದುಕೊಂಡರು. ಒಂದು ಕಂಪನಿ ಕೈ ಬದಲಾಯಿತು ಎಂದು ಸುದ್ದಿ ಓದಿದಾಗ ಪೋಷಕರು ನೋಡಬೇಕಾದದ್ದು ಇಂಥ ಇಮೇಲ್‌ಗಳನ್ನು. ಅವು ಬರುವುದು ಮಗುವಿನ ಖಾತೆಗೆ ಕೊಟ್ಟ, ಯಾರೂ ತೆರೆದು ನೋಡದ ಇಮೇಲ್ ವಿಳಾಸಕ್ಕೆ. ನೀವು ದಿನವೂ ನೋಡುವ ವಿಳಾಸವನ್ನೇ ಕೊಡಿ.

ಮಕ್ಕಳ ಮಾಹಿತಿಯ ಬಗ್ಗೆ ಅಮೆರಿಕದ ಅದೇ ಕಮಿಷನ್ ಈ ಖರೀದಿ ಮೊಕದ್ದಮೆಯ ನಡುವೆಯೇ, 2023ರ ಜೂನ್‌ನಲ್ಲಿ, ಇನ್ನೊಂದು ಪ್ರಕರಣ ಮುಗಿಸಿತು. 13 ತುಂಬದ ಮಕ್ಕಳು ಎಕ್ಸ್‌ಬಾಕ್ಸ್ ಖಾತೆ ತೆರೆಯುವಾಗ ಪೋಷಕರ ಒಪ್ಪಿಗೆಗೆ ಮುಂಚೆಯೇ ಫೋನ್ ನಂಬರಿನಂಥ ವಿವರ ಕೇಳುತ್ತಿದ್ದುದು, ಖಾತೆ ತೆರೆಯುವುದು ಅರ್ಧಕ್ಕೇ ನಿಂತರೂ ಆ ವಿವರ ಇಟ್ಟುಕೊಂಡದ್ದು ತಪ್ಪೆಂದು ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ತೆರಬೇಕಾಯಿತು. ಫೋರ್ಟ್‌ನೈಟ್ ಆಟದ ಎಪಿಕ್ ಕಂಪನಿ 2022ರ ಡಿಸೆಂಬರ್‌ನಲ್ಲಿ ತೆರಲು ಒಪ್ಪಿದ್ದು 52 ಕೋಟಿ ಡಾಲರ್. ಅದರಲ್ಲಿ ಸುಮಾರು ಅರ್ಧದಷ್ಟು, ಗುಂಡಿಗಳನ್ನು ಗೊಂದಲವಾಗುವಂತೆ ಜೋಡಿಸಿ ಆಟಗಾರರಿಂದ ಬೇಡದ ಖರೀದಿ ಮಾಡಿಸಿದ್ದಕ್ಕೆ ಗಿರಾಕಿಗಳಿಗೆ ಹಿಂದಿರುಗಿಸಬೇಕಾದ ದುಡ್ಡು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಖರೀದಿಗಳ ಮೇಲೂ ನಮ್ಮ ಸ್ಪರ್ಧಾ ಆಯೋಗದ ಕಣ್ಣು ಈಗ ಹರಿತವಾಗಿದೆ: 2024ರ ಸೆಪ್ಟೆಂಬರ್‌ನಿಂದ, ಭಾರತದಲ್ಲಿ ಗಣನೀಯ ವ್ಯವಹಾರವಿರುವ ಕಂಪನಿಯನ್ನು 2,000 ಕೋಟಿ ರೂಪಾಯಿಗೂ ಮೀರಿ ಕೊಡುವವರು ಆಯೋಗದ ಬಾಗಿಲು ತಟ್ಟಲೇಬೇಕು. ಹಾಗೆಯೇ 2025ರ ಆಗಸ್ಟ್‌ನ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದಾಗ ‘ಗೇಮ್‌ಗಳೆಲ್ಲ ಬ್ಯಾನ್ ಆದವಂತೆ’ ಎಂದು ಸುದ್ದಿ ಹಬ್ಬಿತ್ತು. ಅದು ನಿಷೇಧಿಸಿದ್ದು ದುಡ್ಡು ಪಣಕ್ಕಿಟ್ಟು ಆಡುವ ಆಟಗಳನ್ನು. ಇಲ್ಲಿ ಹೇಳುತ್ತಿರುವ ಆಟಗಳಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ದುಡ್ಡು. ಖರೀದಿ ಮುಗಿದ ಮೇಲೆ ಗೇಮ್ ಪಾಸ್‌ನ ಅತಿ ದುಬಾರಿ ಶ್ರೇಣಿಯ ಬೆಲೆ ಅಮೆರಿಕದಲ್ಲಿ 2024ರಲ್ಲಿ ತಿಂಗಳಿಗೆ 16.99 ಡಾಲರ್‌ನಿಂದ 19.99ಕ್ಕೆ, 2025ರ ಅಕ್ಟೋಬರ್‌ನಲ್ಲಿ ಒಮ್ಮೆಲೇ 29.99ಕ್ಕೆ ಏರಿತು. ಮೊದಲ ಏರಿಕೆಯ ಹೊತ್ತಿಗೇ, ಕಾರ್ಲಿ ತೀರ್ಪಿನ ವಿರುದ್ಧ ಮೇಲ್ಮನವಿ ಸಲ್ಲಿಸಿದ್ದ ಟ್ರೇಡ್ ಕಮಿಷನ್ ಮೇಲಿನ ನ್ಯಾಯಾಲಯಕ್ಕೆ ಪತ್ರ ಬರೆದು, ನಾವು ಹೆದರಿದ್ದು ಇದಕ್ಕೇ ಎಂದಿತು. ಮೈಕ್ರೋಸಾಫ್ಟ್ ಒಪ್ಪಲಿಲ್ಲ, ಕಾಲ್ ಆಫ್ ಡ್ಯೂಟಿಯನ್ನೇ ಸೇರಿಸಿ ಕೊಡುತ್ತಿದ್ದೇವಲ್ಲ ಎಂದಿತು. 2025ರ ಮೇ ತಿಂಗಳಲ್ಲಿ ಮೇಲ್ಮನವಿ ಬಿದ್ದುಹೋಗಿ ಕಮಿಷನ್ ಮೊಕದ್ದಮೆಯನ್ನೇ ಕೈಬಿಟ್ಟಿತು. ಇದರಲ್ಲಿ ನನ್ನ ಒಲವು ಕಮಿಷನ್ನಿನ ಕಡೆಗೆ. ಆಟ ಕನ್ಸೋಲ್‌ನಿಂದ ಕನ್ಸೋಲ್‌ಗೆ ಹಾರುತ್ತದೆಯೇ ಎಂದು ಎಲ್ಲರೂ ಬಾಗಿಲು ಕಾಯುತ್ತಿದ್ದಾಗ ಬೆಲೆ ಹಿತ್ತಿಲಿನಿಂದ ಒಳಗೆ ಬಂತು. ಖರೀದಿಯ ಬಿಸಿ ಆಟ ತಯಾರಿಸುವವರಿಗೂ ತಟ್ಟಿತು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಆಟಗಳ ವಿಭಾಗದಲ್ಲಿ 1,900 ಮಂದಿಯನ್ನು ಕೆಲಸದಿಂದ ತೆಗೆಯಿತು. ಮೇ ತಿಂಗಳಲ್ಲಿ ‘ಹೈ–ಫೈ ರಶ್’ ಎಂಬ ಮುದ್ದಾದ ಆಟ ಮಾಡಿದ್ದ ಜಪಾನಿನ ಟ್ಯಾಂಗೊ ಸ್ಟುಡಿಯೊವನ್ನೂ ಮುಚ್ಚುವುದಾಗಿ ಹೇಳಿತು. ಅದನ್ನು ಆಮೇಲೆ ಕೊಂಡದ್ದು ಕ್ರಾಫ್ಟನ್, ಅಂದರೆ ನಮ್ಮ ಹುಡುಗರು ಫೋನಿನಲ್ಲಿ ಆಡುವ ಬಿಜಿಎಂಐ ಆಟದ ಕಂಪನಿ.

ಚಂದಾ ದುಡ್ಡು ಕಾರ್ಡಿನಿಂದ ತಾನಾಗಿ ಕಟ್ ಆಗುವಂತೆ ಬಿಟ್ಟಿರುತ್ತೀರಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕು ನಿಮಗೆ ಸಂದೇಶ ಕಳಿಸಬೇಕು, ಕಳಿಸುತ್ತದೆ ಕೂಡ. ನಾವು ಅದನ್ನು ಸಾಲದ ಜಾಹೀರಾತಿನ ಜೊತೆ ಸೇರಿಸಿ ಅಳಿಸಿಬಿಡುತ್ತೇವೆ. ಆ ಸಂದೇಶದಲ್ಲಿ ಮೊತ್ತ ಇರುತ್ತದೆ. ಕಳೆದ ತಿಂಗಳದ್ದರ ಪಕ್ಕ ಇಟ್ಟು ನೋಡಿ. ಪರೀಕ್ಷೆಯ ಎರಡು ತಿಂಗಳು ಚಂದಾ ನಿಲ್ಲಿಸಿ ಬೇಸಿಗೆ ರಜೆಗೆ ಮತ್ತೆ ಕಟ್ಟಬಹುದು, ಯಾರೂ ದಂಡ ಹಾಕುವುದಿಲ್ಲ. ಆಡಿದ ಆಟದ ಪ್ರಗತಿ ಸಾಮಾನ್ಯವಾಗಿ ಖಾತೆಯಲ್ಲಿ ಉಳಿದಿರುತ್ತದೆ ಎಂದು ಮಗುವಿಗೂ ಹೇಳಿ, ನಿಲ್ಲಿಸುವ ಮಾತಿಗೆ ಜಗಳ ಕಡಿಮೆಯಾಗುತ್ತದೆ.

ಮುಂದಿನ ದೊಡ್ಡ ಸುದ್ದಿಯೂ ಬಂದಾಗಿದೆ. ಫುಟ್‌ಬಾಲ್ ಆಟ ‘ಎಫ್‌ಸಿ’ಯ ಒಡೆಯರಾದ ಇಎ ಕಂಪನಿಯನ್ನು ಸೌದಿ ಅರೇಬಿಯದ ಸರ್ಕಾರಿ ಹೂಡಿಕೆ ನಿಧಿ ಮತ್ತು ಇಬ್ಬರು ಜೊತೆಗಾರರು 5,500 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಕೊಳ್ಳುವವರ ಕೈಯಲ್ಲಿ ಸ್ವಂತ ಕನ್ಸೋಲ್ ಇಲ್ಲ, ಆದ್ದರಿಂದ ಎಕ್ಸ್‌ಕ್ಲೂಸಿವ್ ಭಯ ಇಲ್ಲಿ ಬೇಕಿಲ್ಲ. ನಾನು ಗಮನಿಸುವುದು ಆ ಮೊತ್ತದಲ್ಲಿ 2,000 ಕೋಟಿ ಡಾಲರ್ ಸಾಲ ಎಂಬುದನ್ನು. ಸಾಲಕ್ಕೆ ಬಡ್ಡಿ ಬೇಕು. ಈ ಫುಟ್‌ಬಾಲ್ ಆಟದೊಳಗೆ ದುಡ್ಡು ಕೊಟ್ಟು ಪ್ಯಾಕ್ ಕೊಳ್ಳುವ ವ್ಯವಸ್ಥೆ ಇದೆ, ಒಳಗೆ ಯಾವ ಆಟಗಾರ ಸಿಗುತ್ತಾನೆಂಬುದು ಅದೃಷ್ಟ. ಬೆಲ್ಜಿಯಂ 2018ರಲ್ಲಿ ಇಂಥವನ್ನು ಜೂಜೆಂದೇ ಕರೆಯಿತು, ಮರುವರ್ಷ ಇಎ ಅಲ್ಲಿ ಆ ಪ್ಯಾಕ್‌ಗಳಿಗಾಗಿ ದುಡ್ಡು ಪಡೆಯುವುದನ್ನು ನಿಲ್ಲಿಸಿತು. ನಮ್ಮಲ್ಲಿ ಅಂಥ ತಡೆ ಇಲ್ಲ. ಕಂಪನಿ ಯಾರದೇ ಆಗಲಿ, ಮಗುವಿನ ಖಾತೆಗೆ ನಿಮ್ಮ ಕಾರ್ಡಿನ ನಂಬರ್ ಕೂಡಿಸಬೇಡಿ. ಬೇಕಾದಾಗ ನಿಗದಿತ ಮೊತ್ತದ ಗಿಫ್ಟ್ ಕಾರ್ಡ್ ಕೊಡಿ. ಅದು ಮುಗಿದರೆ ಮುಗಿಯಿತು.

ಅಂಗಡಿಗೆ ಹೋದಾಗ ಒಂದು ವಿಚಾರಿಸಿ: ಯಂತ್ರದಲ್ಲಿ ಡಿಸ್ಕ್ ಹಾಕುವ ಜಾಗ ಇದೆಯೇ? ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಇಲ್ಲ, ಪ್ಲೇಸ್ಟೇಷನ್ 5ರ ಡಿಜಿಟಲ್ ಮಾದರಿಯಲ್ಲೂ ಇಲ್ಲ. ಇವು ಕೆಲವು ಸಾವಿರ ಅಗ್ಗ. ಆದರೆ ಅವುಗಳಲ್ಲಿ ಕೊಂಡ ಆಟ ಆ ಖಾತೆಗೇ ಅಂಟಿಕೊಂಡಿರುತ್ತದೆ, ಇನ್ನೊಂದು ಕಂಪನಿಯ ಯಂತ್ರಕ್ಕೆ ಬಾರದು, ಆಡಿ ಮುಗಿಸಿದ ಮೇಲೆ ಯಾರಿಗೂ ಕೊಡಲಾಗದು. ಡಿಸ್ಕ್ ಇದ್ದರೆ ಗೆಳೆಯರ ನಡುವೆ ಕೈ ಬದಲಾಯಿಸಿಕೊಳ್ಳಬಹುದು, ಹಳೆಯದನ್ನು ಕೊಳ್ಳುವ ಅಂಗಡಿಗೆ ಅರ್ಧ ಬೆಲೆಗಾದರೂ ಮಾರಬಹುದು. ವರ್ಷಕ್ಕೆ ಮೂರ್ನಾಲ್ಕು ಆಟ ಕೊಳ್ಳುವ ಮನೆಯಾದರೆ ಆ ಕೆಲವು ಸಾವಿರ ಎರಡು ವರ್ಷದೊಳಗೆ ವಾಪಸ್ ಬರುತ್ತದೆ.